ಮಾದರಿ ರೈಲಿನ ನೆಲಕ್ಕೆ ಮಣ್ಣು, ಜಲ್ಲಿ, ಹುಲ್ಲು ಅಂಟಿಸುವುದು ಹೇಗೆ? ಒಂದು ಹನಿ ಸೋಪಿನ ಪಾಠ

ವಿಜ್ಞಾನ ವಸ್ತುಪ್ರದರ್ಶನಕ್ಕೆ ರೈಲು ಮಾದರಿ ಮಾಡುವ ತಂಡಗಳು ಹೆಚ್ಚಿನ ಸಮಯವನ್ನು ಹಳಿ, ಮೋಟಾರು ಮತ್ತು ಸಿಗ್ನಲ್ ದೀಪಗಳಿಗೆ ಕೊಡುತ್ತವೆ. ನೆಲದ ಕೆಲಸ ಕೊನೆಯ ದಿನಕ್ಕೆ ಉಳಿಯುತ್ತದೆ. ಥರ್ಮಾಕೋಲ್ ಗುಡ್ಡಕ್ಕೆ ಹಸಿರು ಬಣ್ಣ ಬಳಿದು, ಮೇಲೆ ದಪ್ಪ ಅಂಟು ಸುರಿದು, ಮರದ ಹುಡಿ ಎರಚಿ ಮುಗಿಸುವುದು ರೂಢಿ. ಮಾದರಿಯನ್ನು ಎತ್ತಿ ಪ್ರದರ್ಶನದ ಕೋಣೆಗೆ ಒಯ್ಯುವಷ್ಟರಲ್ಲಿ ಅರ್ಧ ಹುಡಿ ಉದುರಿ ಹಳಿಯ ಮೇಲೆ ಬಿದ್ದಿರುತ್ತದೆ. ಹಳಿಗೂ ಚಕ್ರಕ್ಕೂ ನಡುವೆ ಹುಡಿ ಸೇರಿದರೆ ವಿದ್ಯುತ್ ಹರಿಯುವುದಿಲ್ಲ. ಆಗ ರೈಲು ನಿಲ್ಲುತ್ತದೆ. ತಿಂಗಳುಗಟ್ಟಲೆ ಮಾಡಿದ ಕೆಲಸ ತೀರ್ಪುಗಾರರ ಎದುರು ಓಡದೆ ನಿಲ್ಲುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟು ಸಣ್ಣದು.

ನೆಲದ ಹೊದಿಕೆಯನ್ನು ಗಟ್ಟಿಯಾಗಿ ಅಂಟಿಸುವ ವಿಧಾನವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ನೋಡೋಣ. ಜೊತೆಗೆ ಆ ವಿಧಾನ ಏಕೆ ಕೆಲಸ ಮಾಡುತ್ತದೆ ಎಂಬುದನ್ನೂ ತಿಳಿಯೋಣ. ಪ್ರಥಮ ಪಿಯುಸಿಯಲ್ಲಿ ಓದುವ ಮೇಲ್ಮೈ ಎಳೆತ, ದ್ವಿತೀಯ ಪಿಯುಸಿಯಲ್ಲಿ ಓದುವ ಸ್ಥಿರವಿದ್ಯುತ್ತು, ರಸಾಯನಶಾಸ್ತ್ರದ ಪಾಲಿಮರ್ ಈ ಮೂರೂ ಇಲ್ಲಿ ಒಂದೇ ಹಲಗೆಯ ಮೇಲೆ ಸೇರುತ್ತವೆ. ಇಡೀ ಪಾಠದ ತಿರುಳು ಇಷ್ಟೇ: ಅಂಟು ಎಷ್ಟು ದಪ್ಪ ಎಂಬುದು ಮುಖ್ಯವಲ್ಲ, ಅದು ಹುಡಿಯ ತಳದವರೆಗೆ ಇಳಿಯಿತೇ ಎಂಬುದು ಮುಖ್ಯ.

ಸ್ವಲ್ಪ ಹಿನ್ನೆಲೆ

ಮಾದರಿ ರೈಲು ಹವ್ಯಾಸ ಬೆಳೆದದ್ದು ಮುಖ್ಯವಾಗಿ ಜರ್ಮನಿ, ಬ್ರಿಟನ್ ಮತ್ತು ಅಮೆರಿಕದಲ್ಲಿ. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ ಹುಟ್ಟಿದ್ದು 1935ರಲ್ಲಿ. ಆರಂಭದ ದಶಕಗಳಲ್ಲಿ ನೆಲಕ್ಕೆ ಹೊದಿಸುತ್ತಿದ್ದುದು ಬಣ್ಣ ಹಾಕಿದ ಮರದ ಹುಡಿಯನ್ನು. ಮುಂದೆ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಒಂದು ಸುಲಭ ದಾರಿಯನ್ನು ಜನಪ್ರಿಯಗೊಳಿಸಿದರು. ಒಣ ಪ್ಲಾಸ್ಟರ್ ಪುಡಿಗೆ ಬಣ್ಣದ ಪುಡಿ ಬೆರೆಸಿ, ಒದ್ದೆ ನೆಲದ ಮೇಲೆ ಜರಡಿಯಲ್ಲಿ ಉದುರಿಸಿ, ನೀರು ಸಿಂಪಡಿಸುವುದು. ಪ್ಲಾಸ್ಟರ್ ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಬಣ್ಣ ಹಾಕಿ ಪುಡಿ ಮಾಡಿದ ಫೋಮ್ ಬಂತು, ನೀರು ಬೆರೆಸಿದ ಬಿಳಿ ಅಂಟು ಬಂತು. ಇಂದು ಲೋಕದ ಎಲ್ಲ ಕಡೆ ಮಾದರಿಗಾರರು ಬಳಸುವುದು ಇದನ್ನೇ.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 2001ರಲ್ಲಿ ತೆರೆದ ‘ಮಿನಿಯೇಚರ್ ವುಂಡರ್‌ಲ್ಯಾಂಡ್’ ಈ ಕಲೆಯ ಅತಿ ದೊಡ್ಡ ಪ್ರದರ್ಶನಗಳಲ್ಲಿ ಒಂದು. ನಮ್ಮ ಹತ್ತಿರದಲ್ಲಿ ನೋಡಬೇಕೆಂದರೆ ಪುಣೆಯಲ್ಲಿ 1998ರಲ್ಲಿ ಆರಂಭವಾದ ಜೋಶಿಯವರ ಕಿರು ರೈಲ್ವೆ ಸಂಗ್ರಹಾಲಯವಿದೆ.

ಮೊದಲು ಅಳತೆ

ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆಯ ಹೆಸರು ಎಚ್‌ಒ. ಅದರ ಪ್ರಮಾಣ 1:87. ಅಂದರೆ ನಿಜದ 87 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಆಗುತ್ತದೆ. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದು 1435 ಮಿ.ಮೀ. ಅಗಲದ ಹಳಿಗೆ ಸರಿಹೊಂದುವ ಲೆಕ್ಕ. ನಮ್ಮ ದೇಶದ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ 1:87ರಲ್ಲಿ ಅದು 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯಲ್ಲಿ ಭಾರತದ ರೈಲು ತೋರಿಸಿದರೆ ಹಳಿ ಸುಮಾರು 3 ಮಿ.ಮೀ. ಕಿರಿದಾಗಿರುತ್ತದೆ. ಇದನ್ನು ತಿಳಿದು ಒಪ್ಪಿಕೊಂಡು ಮುಂದುವರಿಯುವುದೇ ವಾಡಿಕೆ.

ಈ ಅಳತೆಯನ್ನು ಹಳಿಗೆ ಅನ್ವಯಿಸುವವರು ನೆಲಕ್ಕೆ ಅನ್ವಯಿಸಲು ಮರೆಯುತ್ತಾರೆ. ಭಾರತೀಯ ರೈಲ್ವೆಯ ಹಳಿಯ ಕೆಳಗಿನ ಜಲ್ಲಿಕಲ್ಲಿನ ಗಾತ್ರ ಸಾಮಾನ್ಯವಾಗಿ 20ರಿಂದ 65 ಮಿ.ಮೀ. ಅದನ್ನು 87ರಿಂದ ಭಾಗಿಸಿ ನೋಡಿ. ಸುಮಾರು 0.23ರಿಂದ 0.75 ಮಿ.ಮೀ. ಬರುತ್ತದೆ. ಅಂದರೆ ಮಾದರಿಯ ಜಲ್ಲಿ ಸಣ್ಣ ಮರಳಿನಷ್ಟಿರಬೇಕು. 3 ಮಿ.ಮೀ. ಕಲ್ಲು ಹಾಕಿದರೆ ಅದು ನಿಜದಲ್ಲಿ 26 ಸೆಂ.ಮೀ. ಬಂಡೆಯಾಗುತ್ತದೆ, ಅದರ ಮೇಲೆ ಯಾವ ರೈಲೂ ಓಡದು. ಹುಲ್ಲಿಗೂ ಇದೇ ಲೆಕ್ಕ. 2 ಮಿ.ಮೀ. ಎಳೆ ಎಂದರೆ 17 ಸೆಂ.ಮೀ. ಹುಲ್ಲು, 4 ಮಿ.ಮೀ. ಎಳೆ ಸುಮಾರು 35 ಸೆಂ.ಮೀ., 6 ಮಿ.ಮೀ. ಎಳೆ ಅರ್ಧ ಮೀಟರ್ ಮೀರಿದ ಹುಲ್ಲು.

ಉದಾಹರಣೆಗೆ ನಮ್ಮ ಜಿಲ್ಲೆಗಳ ಜನ ಚೆನ್ನಾಗಿ ಬಲ್ಲ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ಮಾರ್ಗವನ್ನು ತೆಗೆದುಕೊಳ್ಳೋಣ. ಸುಮಾರು 55 ಕಿ.ಮೀ. ಉದ್ದದ ಈ ದಾರಿಯಲ್ಲಿ 57 ಸುರಂಗಗಳಿವೆ. ಏರು 1:50ರಷ್ಟಿದೆ, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಒಂದು ಮೀಟರ್ ಉದ್ದದ ಹಲಗೆಯಲ್ಲಿ ಇದನ್ನು ತೋರಿಸಲು ಹಳಿಯನ್ನು 2 ಸೆಂ.ಮೀ. ಎತ್ತರಿಸಿದರೆ ಸಾಕು. ಈ ಮಾರ್ಗದ ನೆಲವನ್ನು ರೈಲಿನ ಕಿಟಕಿಯಿಂದ ನೋಡಿದರೆ ನಾಲ್ಕು ಪದರ ಕಾಣುತ್ತವೆ: ಹಳಿಯ ಕೆಳಗೆ ಬೂದು ಬಣ್ಣದ ಜಲ್ಲಿ, ಅದರ ಪಕ್ಕದಲ್ಲಿ ಕೆಂಪು ಮಣ್ಣು, ಮಣ್ಣಿನ ಮೇಲೆ ಹುಲ್ಲು ಮತ್ತು ಜರಿಗಿಡ, ಹಿಂದೆ ಪೊದೆ ಮತ್ತು ಮರ. ಮಾದರಿಯಲ್ಲೂ ಇದೇ ಕ್ರಮದಲ್ಲಿ, ಕೆಳಗಿನಿಂದ ಮೇಲಕ್ಕೆ ಪದರ ಪದರವಾಗಿ ಹೋಗಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಎರಚಿದರೆ ಅದು ನೆಲದಂತೆ ಕಾಣದೆ ರಂಗೋಲಿ ಹುಡಿ ಚೆಲ್ಲಿದಂತೆ ಕಾಣುತ್ತದೆ.

ಬೇಕಾಗುವ ಸಾಮಗ್ರಿ

ವಿದೇಶದಿಂದ ತರಿಸುವ ಡಬ್ಬಿಗಳು ದುಬಾರಿ. ನಮ್ಮ ಊರಿನಲ್ಲೇ ಸಿಗುವ ಬದಲಿಗಳು ಸಾಕು.

ಮಣ್ಣಿಗೆ: ಮುರಕಲ್ಲಿನ ಹುಡಿ ಅಥವಾ ಗುಡ್ಡದ ಕೆಂಪು ಮಣ್ಣು. ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿಯಿರಿ.

ಜಲ್ಲಿಗೆ: ಜಲ್ಲಿ ಕ್ರಷರಿನ ಹುಡಿ. ಮೊದಲು ಚಹಾ ಜರಡಿಯಲ್ಲಿ ಹಾಕಿ ದಪ್ಪ ಕಾಳನ್ನು ಬಿಡಿ. ಕೆಳಗೆ ಬಿದ್ದದ್ದನ್ನು ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಅಲುಗಿಸಿ ನುಣುಪಾದ ಧೂಳನ್ನು ತೆಗೆಯಿರಿ. ನಡುವೆ ಉಳಿದದ್ದು ನಮ್ಮ ಜಲ್ಲಿ.

ಹುಲ್ಲು, ಪೊದೆಗೆ: ಸೋಫಾ ಅಂಗಡಿಯ ಫೋಮ್ ತುಣುಕುಗಳನ್ನು ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿ ಪುಡಿ ಮಾಡಿದ್ದು. ಪುಡಿ ಮಾಡಲು ಹಳೆಯ ಮಿಕ್ಸಿ ಜಾರ್ ಬಳಸಿ. ಆ ಜಾರ್ ಮತ್ತೆ ಅಡುಗೆಗೆ ಹೋಗಬಾರದು. ಎರಡು ಮೂರು ಬಗೆಯ ಹಸಿರು ಮಾಡಿಟ್ಟುಕೊಳ್ಳಿ. ಒಂದೇ ಹಸಿರಿನ ಗುಡ್ಡ ಎಲ್ಲಿಯೂ ಇಲ್ಲ.

ಒಣ ಎಲೆ, ಕಾಡಿನ ನೆಲಕ್ಕೆ: ಚೆನ್ನಾಗಿ ಒಣಗಿಸಿದ ಚಹಾ ಚರಟ.

ಉದ್ದ ಹುಲ್ಲಿಗೆ: ಗೋಣಿ ದಾರವನ್ನು ಕತ್ತರಿಸಿ ಬಿಡಿಸಿದ ಎಳೆ.

ಅಂಟು: ಬಿಳಿ ಫೆವಿಕಾಲ್ ಬಗೆಯ ಅಂಟು, ಪಾತ್ರೆ ತೊಳೆಯುವ ದ್ರವ ಸೋಪು, ನುಣುಪಾಗಿ ಸಿಂಪಡಿಸುವ ಸ್ಪ್ರೇ ಬಾಟಲಿ, ಡ್ರಾಪರ್ ಅಥವಾ ಸೂಜಿ ಇಲ್ಲದ ಸಿರಿಂಜ್.

ಎರಡು ಎಚ್ಚರಿಕೆ. ಒಂದು, ಜಲ್ಲಿ ಮತ್ತು ಮಣ್ಣನ್ನು ಕಾಗದದ ಮೇಲೆ ಹರಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಯಸ್ಕಾಂತವನ್ನು ಮೇಲೆ ಆಡಿಸಿ. ಕಬ್ಬಿಣದ ಕಣಗಳಿದ್ದರೆ ಅಂಟಿಕೊಂಡು ಬರುತ್ತವೆ. ರೈಲಿನ ಮೋಟಾರಿನಲ್ಲೂ ಆಯಸ್ಕಾಂತವಿದೆ. ನೀವು ತೆಗೆಯದೆ ಬಿಟ್ಟ ಕಣಗಳನ್ನು ಅದು ತೆಗೆದುಕೊಳ್ಳುತ್ತದೆ. ಎರಡು, ಥರ್ಮಾಕೋಲಿನ ಮೇಲೆ ಘಾಟು ವಾಸನೆಯ ರಬ್ಬರ್ ಅಂಟು ಅಥವಾ ಸ್ಪ್ರೇ ಬಣ್ಣ ಬಳಸಬೇಡಿ. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್. ಅಂಥ ಅಂಟುಗಳಲ್ಲಿರುವ ಸಾವಯವ ದ್ರಾವಕ ಅದನ್ನು ಕರಗಿಸಿ ಗುಂಡಿ ಮಾಡುತ್ತದೆ.

ನೀರು ಏಕೆ ಒಳಗೆ ಇಳಿಯುವುದಿಲ್ಲ?

ಬೇಸಿಗೆಯ ಕೊನೆಗೆ ಬರುವ ಮೊದಲ ಮಳೆಯ ಹನಿಗಳನ್ನು ನೆನಪಿಸಿಕೊಳ್ಳಿ. ದಾರಿಯ ಹುಡಿಯ ಮೇಲೆ ಬಿದ್ದ ಹನಿ ತಕ್ಷಣ ಇಂಗುವುದಿಲ್ಲ. ಹುಡಿಯನ್ನು ಮೈಗೆ ಮೆತ್ತಿಕೊಂಡು ಉಂಡೆಯಾಗಿ ಉರುಳುತ್ತದೆ. ಕೆಸುವಿನ ಎಲೆಯ ಮೇಲೂ ಹನಿ ಹೀಗೆಯೇ ನಿಲ್ಲುತ್ತದೆ. ಒಣ ಮರದ ಹುಡಿ ಅಥವಾ ಫೋಮ್ ಪುಡಿಯ ಮೇಲೆ ನೀರು ಬೆರೆಸಿದ ಅಂಟಿನ ಹನಿ ಹಾಕಿದಾಗಲೂ ನಡೆಯುವುದು ಇದೇ. ಹನಿ ಉಂಡೆಯಾಗಿ ಕೂರುತ್ತದೆ, ಸುತ್ತಲಿನ ಹುಡಿಯನ್ನು ಎಳೆದುಕೊಂಡು ಗುಳಿ ಮಾಡುತ್ತದೆ. ಮೇಲೆ ಗಟ್ಟಿ ಹೆಪ್ಪು, ಕೆಳಗೆ ಒಣ ಹುಡಿ. ಅಲುಗಿಸಿದರೆ ಹೆಪ್ಪು ಹಪ್ಪಳದಂತೆ ಎದ್ದು ಬರುತ್ತದೆ.

ಇದಕ್ಕೆ ಕಾರಣ ಮೇಲ್ಮೈ ಎಳೆತ ಮತ್ತು ಸಂಪರ್ಕ ಕೋನ. ದ್ರವದೊಳಗಿನ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ದಿಕ್ಕಿನಿಂದ ಸೆಳೆಯುತ್ತವೆ. ಮೇಲ್ಮೈಯ ಅಣುವಿಗೆ ಮೇಲಿನಿಂದ ಅಂಥ ಸೆಳೆತವಿಲ್ಲ. ಆದ್ದರಿಂದ ದ್ರವ ತನ್ನ ಮೇಲ್ಮೈಯನ್ನು ಆದಷ್ಟು ಕುಗ್ಗಿಸಲು ನೋಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ ಸುಮಾರು 0.073 ನ್ಯೂಟನ್ ಪ್ರತಿ ಮೀಟರ್. ಘನದ ಮೇಲ್ಮೈಗೆ ದ್ರವ ತಾಗುವ ಅಂಚಿನಲ್ಲಿ ಉಂಟಾಗುವ ಕೋನವೇ ಸಂಪರ್ಕ ಕೋನ. ಅದು 90 ಡಿಗ್ರಿಗಿಂತ ಕಡಿಮೆಯಿದ್ದರೆ ದ್ರವ ಘನವನ್ನು ಒದ್ದೆ ಮಾಡುತ್ತದೆ, ಹೆಚ್ಚಿದ್ದರೆ ದೂರ ಸರಿಯುತ್ತದೆ.

ಹುಡಿಯ ಕಣಗಳ ನಡುವಿನ ಸಂದುಗಳನ್ನು ಸಣ್ಣ ಸಣ್ಣ ಲೋಮನಾಳಗಳೆಂದು ಭಾವಿಸಬಹುದು. ಲೋಮನಾಳದಲ್ಲಿ ದ್ರವ ಏರುವ ಎತ್ತರದ ಸೂತ್ರ ನಿಮಗೆ ಗೊತ್ತು. ಮೇಲ್ಮೈ ಎಳೆತದ ಎರಡರಷ್ಟನ್ನು ಸಂಪರ್ಕ ಕೋನದ ಕೊಸೈನ್‌ನಿಂದ ಗುಣಿಸಿ, ನಾಳದ ತ್ರಿಜ್ಯ, ದ್ರವದ ಸಾಂದ್ರತೆ ಮತ್ತು ಗುರುತ್ವ ವೇಗೋತ್ಕರ್ಷ ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು.

ಇಲ್ಲಿ ವಿದ್ಯಾರ್ಥಿಗಳು ಕೇಳಬೇಕಾದ ಒಂದು ಒಳ್ಳೆಯ ಪ್ರಶ್ನೆಯಿದೆ. ಸೋಪು ಮೇಲ್ಮೈ ಎಳೆತವನ್ನು ಕಡಿಮೆ ಮಾಡುತ್ತದೆ. ಸೂತ್ರದಲ್ಲಿ ಮೇಲ್ಮೈ ಎಳೆತ ಮೇಲೆ ಇದೆ. ಹಾಗಾದರೆ ಸೋಪು ಹಾಕಿದರೆ ದ್ರವ ಕಡಿಮೆ ಎಳೆಯಲ್ಪಡಬೇಕಲ್ಲವೇ? ಮತ್ತೆ ಸೋಪು ಹಾಕುವುದು ಏಕೆ?

ಲೆಕ್ಕ ಹಾಕಿ ನೋಡೋಣ. ಸಂದಿನ ತ್ರಿಜ್ಯ 0.1 ಮಿ.ಮೀ. ಎಂದಿಟ್ಟುಕೊಳ್ಳಿ. ಸಂಪರ್ಕ ಕೋನ ಸೊನ್ನೆಯಾದರೆ ಶುದ್ಧ ನೀರಿನ ಏರಿಕೆ ಸುಮಾರು 15 ಸೆಂ.ಮೀ. ಸೋಪು ಹಾಕಿ ಮೇಲ್ಮೈ ಎಳೆತ 0.03ಕ್ಕೆ ಇಳಿಯಿತೆಂದರೆ ಏರಿಕೆ ಸುಮಾರು 6 ಸೆಂ.ಮೀ. ಕಡಿಮೆಯಾಯಿತು, ನಿಜ. ಆದರೆ ನಮ್ಮ ಹುಡಿಯ ಪದರ ಇರುವುದೇ 3 ಮಿ.ಮೀ. ದಪ್ಪ. ಅದಕ್ಕೆ 15 ಆದರೂ ಸಾಕು, 6 ಆದರೂ ಸಾಕು. ಮೇಲ್ಮೈ ಎಳೆತದ ಪರಿಮಾಣ ನಮ್ಮ ಕೊರತೆಯಲ್ಲ.

ಈಗ ಒಣ ಹುಡಿಯ ಸಂಪರ್ಕ ಕೋನ 100 ಡಿಗ್ರಿ ಎಂದು ಇಟ್ಟುಕೊಳ್ಳೋಣ. 100 ಡಿಗ್ರಿಯ ಕೊಸೈನ್ ಋಣ 0.17. ಏರಿಕೆ ಋಣ 2.6 ಸೆಂ.ಮೀ. ಬರುತ್ತದೆ. ಋಣ ಚಿಹ್ನೆಯ ಅರ್ಥವೇನು? ಸಂದು ನೀರನ್ನು ಎಳೆಯುವುದರ ಬದಲು ಹೊರಗೆ ತಳ್ಳುತ್ತಿದೆ. ನೀರನ್ನು ಒಳಗೆ ನುಗ್ಗಿಸಬೇಕಾದರೆ ಹುಡಿಯ ಮೇಲೆ 2.6 ಸೆಂ.ಮೀ. ಎತ್ತರದ ನೀರಿನ ಒತ್ತಡ ಬೇಕು. ನಾವು ಹಾಕುವ ಹನಿಯ ಎತ್ತರ ಕೆಲವೇ ಮಿ.ಮೀ. ಆದ್ದರಿಂದ ಅದು ಹೊರಗೇ ಕೂರುತ್ತದೆ.

ಸೋಪು ಹಾಕಿದಾಗ ಕೋನ 30 ಡಿಗ್ರಿಗೆ ಇಳಿಯಿತೆನ್ನಿ. ಕೊಸೈನ್ ಧನ 0.87. ಮೇಲ್ಮೈ ಎಳೆತ 0.03 ಮಾತ್ರವೇ ಆದರೂ ಏರಿಕೆ ಧನ 5.3 ಸೆಂ.ಮೀ. ತಳ್ಳುತ್ತಿದ್ದ ಸಂದು ಈಗ ಎಳೆಯುತ್ತದೆ. ಸೋಪಿನ ನಿಜವಾದ ಕೆಲಸ ಸಂಖ್ಯೆಯನ್ನು ದೊಡ್ಡದು ಮಾಡುವುದಲ್ಲ, ಚಿಹ್ನೆಯನ್ನು ಬದಲಿಸುವುದು.

ಡಿಟರ್ಜೆಂಟ್ ಬೆರೆಸಿದ ನೀರಿನ ಸಂಪರ್ಕ ಕೋನ ಏಕೆ ಚಿಕ್ಕದಾಗಿರಬೇಕು ಎಂಬ ಪ್ರಶ್ನೆ ನಿಮ್ಮ ಪಠ್ಯಪುಸ್ತಕದ ಅಭ್ಯಾಸದಲ್ಲೇ ಇದೆ. ಬಟ್ಟೆಯ ನೂಲಿನ ಸಂದಿಗೆ ನೀರು ಹೋಗಬೇಕು ಎಂದು ಉತ್ತರ ಬರೆಯುತ್ತೀರಿ. ಮಾದರಿಯ ನೆಲದ ಮೇಲೆ ಆ ಉತ್ತರವನ್ನು ಕಣ್ಣಿನಿಂದ ನೋಡಬಹುದು. ಸೋಪಿನ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಜಿಡ್ಡು ಇಷ್ಟ. ಅದು ನೀರು ಮತ್ತು ಹುಡಿಯ ನಡುವೆ ನಿಂತು ಇಬ್ಬರನ್ನೂ ಸೇರಿಸುತ್ತದೆ. ಒಂದು ಲೋಟ ನೀರಿಗೆ ಒಂದೆರಡು ಹನಿ ಸಾಕು. ಹೆಚ್ಚಾದರೆ ನೊರೆ ಬಂದು, ಒಣಗಿದ ಮೇಲೆ ಗುಳ್ಳೆಗಳ ಗುರುತು ಉಳಿಯುತ್ತದೆ.

ಅಂಟು ಹಿಡಿಯುವುದು ಹೇಗೆ?

ಬಿಳಿ ಅಂಟು ಎಂದರೆ ನೀರಿನಲ್ಲಿ ತೇಲುತ್ತಿರುವ ಪಾಲಿವಿನೈಲ್ ಅಸಿಟೇಟ್ ಎಂಬ ಪಾಲಿಮರಿನ ಅತಿ ಸಣ್ಣ ಕಣಗಳು. ಹಾಲಿನಲ್ಲಿ ಕೊಬ್ಬಿನ ಕಣಗಳು ತೇಲುವಂತೆಯೇ ಇವೂ ಬೆಳಕನ್ನು ಚದುರಿಸುವುದರಿಂದ ಅಂಟು ಬಿಳಿಯಾಗಿ ಕಾಣುತ್ತದೆ. ನೀರು ಆವಿಯಾದಂತೆ ಕಣಗಳು ಹತ್ತಿರ ಬಂದು ಒಂದರೊಡನೊಂದು ಬೆರೆತು ಪಾರದರ್ಶಕ ಪೊರೆಯಾಗುತ್ತವೆ. ನೆಲದ ಮೇಲಿನ ಬಿಳುಪು ಪೂರ್ತಿ ಮಾಯವಾಗಿದ್ದರೆ ಅಂಟು ಒಣಗಿದೆ ಎಂದರ್ಥ. ಬಿಳುಪು ಕಾಣುತ್ತಿದ್ದರೆ ಒಳಗೆ ಇನ್ನೂ ನೀರಿದೆ.

ತೆಳು ಮಾಡಿದ ಅಂಟು ಚೆನ್ನಾಗಿ ಕಾಣುವುದಕ್ಕೂ ಕಾರಣವಿದೆ. ನೀರು ಕಡಿಮೆಯಾಗುತ್ತಾ ಹೋದಂತೆ ಉಳಿದ ದ್ರವ ಕಣ ಕಣ ತಾಗುವ ಸಂದುಮೂಲೆಗಳಿಗೆ ಸರಿಯುತ್ತದೆ. ಕೊನೆಗೆ ಅಂಟು ಉಳಿಯುವುದು ಅಲ್ಲೇ. ಕಣಗಳು ಒಂದನ್ನೊಂದು ಬಿಗಿ ಹಿಡಿದಿರುತ್ತವೆ, ಆದರೆ ಅವುಗಳ ಮೇಲ್ಭಾಗ ಮೊದಲಿನಂತೆ ಹೊಳಪಿಲ್ಲದೆ ಸಹಜವಾಗಿರುತ್ತದೆ. ದಪ್ಪ ಅಂಟು ಸುರಿದರೆ ಸಂದುಗಳೆಲ್ಲ ತುಂಬಿ ಪ್ಲಾಸ್ಟಿಕ್ ಹೊಳಪು ಬರುತ್ತದೆ. ಸ್ನಿಗ್ಧತೆ ಹೆಚ್ಚಿರುವುದರಿಂದ ಅದು ತಳಕ್ಕೂ ಇಳಿಯದು.

ಕೆಲಸದ ಕ್ರಮ

1. ತಳಕ್ಕೆ ಬಣ್ಣ. ಗುಡ್ಡ ಒಣಗಿದ ಮೇಲೆ ಮಣ್ಣಿನ ಬಣ್ಣ ಬಳಿಯಿರಿ. ಹಸಿರು ಬೇಡ. ಮುಂದೆ ಎಲ್ಲಾದರೂ ಹುಡಿ ತೆಳುವಾದರೆ ಕೆಳಗಿನ ಮಣ್ಣು ಕಾಣಬೇಕು, ಥರ್ಮಾಕೋಲಿನ ಬಿಳುಪು ಕಾಣಬಾರದು.

2. ಮೊದಲ ಪದರ. ಒಂದು ಅಂಗೈ ಅಗಲದ ಜಾಗಕ್ಕೆ ಕುಂಚದಿಂದ ತೆಳುವಾಗಿ ಅಂಟು ಹಚ್ಚಿ. ಇದಕ್ಕೆ ಸ್ವಲ್ಪವೇ ನೀರು ಬೆರೆಸಿದರೆ ಸಾಕು. ತಕ್ಷಣ ಜರಡಿಯಿಂದ ಕೆಂಪು ಮಣ್ಣು ಉದುರಿಸಿ. ಹೀಗೆ ಜಾಗ ಜಾಗವಾಗಿ ಮುಂದುವರಿಯಿರಿ. ಇಡೀ ಹಲಗೆಗೆ ಒಮ್ಮೆಲೇ ಅಂಟು ಬಳಿದರೆ ಅರ್ಧ ಮುಗಿಯುವ ಮೊದಲೇ ಉಳಿದರ್ಧ ಒಣಗಿರುತ್ತದೆ.

3. ಎರಡನೆಯ ಪದರ. ಮೊದಲನೆಯದು ಒಣಗಿದ ಮೇಲೆ ಫೋಮ್ ಪುಡಿ, ಚಹಾ ಚರಟಗಳನ್ನು ಒಣಗಿದಂತೆಯೇ ಉದುರಿಸಿ. ಎಲ್ಲೆಡೆ ಸಮವಾಗಿ ಬೇಡ. ನೀರು ನಿಲ್ಲುವ ತಗ್ಗಿನಲ್ಲಿ ಹಸಿರು ಹೆಚ್ಚು, ಉಬ್ಬಿನಲ್ಲಿ ಕಡಿಮೆ.

4. ಮೊದಲೇ ಒದ್ದೆ ಮಾಡುವುದು. ಇದೇ ಇಡೀ ಕೆಲಸದ ಮುಖ್ಯ ಹಂತ. ಸೋಪಿನ ನೀರನ್ನು ಸ್ಪ್ರೇ ಬಾಟಲಿಯಿಂದ ಸಿಂಪಡಿಸಿ. ಬಾಟಲಿಯನ್ನು ನೇರ ಹುಡಿಗೆ ಗುರಿಯಿಡದೆ ಮೇಲಕ್ಕೆ ಹಿಡಿದು ಒತ್ತಿ. ಮಂಜಿನಂತೆ ತಾನೇ ಇಳಿಯಲಿ. ನೇರ ಹೊಡೆದರೆ ಹುಡಿ ಹಾರುತ್ತದೆ. ಹುಡಿಯ ಬಣ್ಣ ಪೂರ್ತಿ ಗಾಢವಾಗುವವರೆಗೆ ಸಿಂಪಡಿಸಿ.

5. ಅಂಟಿನ ಹನಿ. ಒಂದು ಭಾಗ ಅಂಟು, ಒಂದರಿಂದ ಎರಡು ಭಾಗ ನೀರು, ಒಂದು ಹನಿ ಸೋಪು. ಡ್ರಾಪರನ್ನು ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದು ಹನಿ ಬಿಡಿ. ಒದ್ದೆ ಸರಿಯಾಗಿದ್ದರೆ ಹನಿ ನಿಲ್ಲದೆ ಕ್ಷಣದಲ್ಲಿ ಹರಡಿ ಮಾಯವಾಗುತ್ತದೆ. ಉಂಡೆಯಾದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಮ್ಮೆ ಸೋಪಿನ ನೀರು ಸಿಂಪಡಿಸಿ. ಅಂಟು ಹೆಚ್ಚಿಸುವುದು ಪರಿಹಾರವಲ್ಲ.

6. ಹಳಿಯ ಜಲ್ಲಿ. ಹಳಿಗಳ ನಡುವೆ ಜಲ್ಲಿ ಸುರಿದು ಒಣ ಕುಂಚದಿಂದ ಸಮ ಮಾಡಿ. ಅಡ್ಡಪಟ್ಟಿಗಳ ಮೇಲ್ಭಾಗ ಕಾಣುವಂತಿರಲಿ. ಈ ಹೊತ್ತಿನಲ್ಲಿ ಎಷ್ಟು ನೀಟಾಗುತ್ತದೋ ಅಷ್ಟೇ, ಅಂಟು ಬಿದ್ದ ಮೇಲೆ ತಿದ್ದಲಾಗದು. ನಂತರ 4 ಮತ್ತು 5ನೇ ಹಂತ. ಹಳಿ ಕವಲೊಡೆಯುವ ಕಡೆ ಅಲುಗಾಡುವ ಹಳಿಗಳ ಹತ್ತಿರ ಜಲ್ಲಿಯನ್ನೂ ಅಂಟನ್ನೂ ಬಹಳ ಕಡಿಮೆ ಬಳಸಿ. ಅಲ್ಲಿ ಅಂಟು ಸೇರಿದರೆ ಹಳಿ ತಿರುಗುವುದಿಲ್ಲ. ಕೆಲಸದ ಹೊತ್ತಿನಲ್ಲಿ ಹಳಿಯ ವಿದ್ಯುತ್ ಸಂಪರ್ಕ ತೆಗೆದಿರಬೇಕು.

7. ಒರೆಸುವುದು. ಅಂಟು ಹಸಿ ಇರುವಾಗಲೇ ಹಳಿಯ ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಪೊರೆ ವಿದ್ಯುತ್ ನಿರೋಧಕ.

8. ಒಣಗಿದ ಮೇಲೆ. ಹಲಗೆಯನ್ನು ವಾಲಿಸಿ ಮೆಲ್ಲಗೆ ತಟ್ಟಿ, ಅಂಟದ ಹುಡಿಯನ್ನು ಕಾಗದದ ಮೇಲೆ ಬೀಳಿಸಿ. ಅದನ್ನು ಎಸೆಯಬೇಡಿ, ಮುಂದಿನ ಪದರಕ್ಕೆ ಬರುತ್ತದೆ. ಖಾಲಿ ಕಂಡ ಜಾಗಕ್ಕೆ 3ರಿಂದ 5ನೇ ಹಂತವನ್ನು ಮತ್ತೆ ಮಾಡಿ.

ಜಲ್ಲಿ ಎಲ್ಲಾದರೂ ತಪ್ಪಾಗಿ ಕೂತರೆ ಗಾಬರಿ ಬೇಡ. ಈ ಅಂಟು ಒಣಗಿದ ಮೇಲೂ ನೀರಿಗೆ ಮೆತ್ತಗಾಗುತ್ತದೆ. ಬೆಚ್ಚಗಿನ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು ಕೆರೆದು ತೆಗೆಯಬಹುದು.

ನಿಂತ ಹುಲ್ಲು: ಸ್ಥಿರವಿದ್ಯುತ್ತಿನ ಕೆಲಸ

ಉದುರಿಸಿದ ಎಳೆ ಯಾವಾಗಲೂ ಮಲಗುತ್ತದೆ. ಹುಲ್ಲು ನಿಲ್ಲಬೇಕು. ಇದಕ್ಕೆ ಮಾದರಿಗಾರರು ಕೆಲವು ಮಿ.ಮೀ. ಉದ್ದದ ನೈಲಾನ್ ಎಳೆಗಳನ್ನು ಲೋಹದ ಜರಡಿಯ ಉಪಕರಣಕ್ಕೆ ತುಂಬುತ್ತಾರೆ. ಉಪಕರಣದ ಒಂದು ತಂತಿ ಜರಡಿಗೆ, ಇನ್ನೊಂದು ಹಸಿ ಅಂಟಿಗೆ ಚುಚ್ಚಿದ ಮೊಳೆಗೆ. ಎರಡರ ನಡುವೆ ಸಾವಿರಾರು ವೋಲ್ಟ್ ಇರುತ್ತದೆ.

ಎಳೆಯ ಎರಡು ತುದಿಗಳಲ್ಲಿ ವಿರುದ್ಧ ಆವೇಶ ಪ್ರೇರಿತವಾಗಿ ಅದು ದ್ವಿಧ್ರುವಿಯಾಗುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ದ್ವಿಧ್ರುವಿಯ ಮೇಲೆ ಟಾರ್ಕ್ ಉಂಟಾಗಿ ಅದು ಕ್ಷೇತ್ರದ ದಿಕ್ಕಿಗೆ ತಿರುಗುತ್ತದೆ ಎಂದು ದ್ವಿತೀಯ ಪಿಯುಸಿಯವರು ಓದಿದ್ದೀರಿ. ಜರಡಿಯಿಂದ ಆವೇಶ ಪಡೆದ ಎಳೆ ಅಂಟಿನ ಕಡೆಗೆ ಚಿಮ್ಮುತ್ತದೆ. ಹಸಿ ಅಂಟು ವಾಹಕ. ವಾಹಕದ ಮೇಲ್ಮೈಯಲ್ಲಿ ಕ್ಷೇತ್ರ ಮೇಲ್ಮೈಗೆ ಲಂಬವಾಗಿರುತ್ತದೆ. ಆದ್ದರಿಂದ ಎಳೆಗಳೂ ಲಂಬವಾಗಿ ನೆಟ್ಟುಕೊಳ್ಳುತ್ತವೆ.

ಇಳಿಜಾರಿನಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಮಾದರಿಯ ಹುಲ್ಲು ಇಳಿಜಾರಿಗೆ ಲಂಬವಾಗಿ ನಿಂತರೆ, ನಿಜದ ಸಸ್ಯ ಗುರುತ್ವಕ್ಕೆ ಸ್ಪಂದಿಸಿ ಆಕಾಶದ ಕಡೆಗೆ ಬೆಳೆಯುತ್ತದೆ. ಅಂಟು ಹಸಿ ಇರುವಾಗಲೇ ಮೃದು ಕುಂಚದಿಂದ ಮೇಲ್ಮುಖವಾಗಿ ನೇವರಿಸಿದರೆ ಸರಿಹೋಗುತ್ತದೆ. ಭೌತಶಾಸ್ತ್ರ ಮಾಡಿದ್ದನ್ನು ಜೀವಶಾಸ್ತ್ರ ನೋಡಿ ತಿದ್ದಬೇಕಾದ ಜಾಗ ಇದು.

ಸೊಳ್ಳೆ ಬ್ಯಾಟ್ ಬಿಚ್ಚಿ ಇಂಥ ಉಪಕರಣ ಮಾಡುವವರಿದ್ದಾರೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ವೋಲ್ಟ್ ಇದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಆವೇಶ ಹಿಡಿದಿರುತ್ತದೆ. ವಿದ್ಯಾರ್ಥಿಗಳು ಇದನ್ನು ತಾವಾಗಿ ಮಾಡಬಾರದು. ಉಪನ್ಯಾಸಕರ ಎದುರು, ಪ್ರಯೋಗಾಲಯದಲ್ಲಿ ಮಾತ್ರ. ಉಪಕರಣವಿಲ್ಲದಿದ್ದರೆ ಗೋಣಿ ಎಳೆಗಳನ್ನು ಸಣ್ಣ ಕಟ್ಟಾಗಿ ಹಿಡಿದು, ಬುಡವನ್ನು ಅಂಟಿನಲ್ಲಿ ಅದ್ದಿ, ಸೂಜಿಯಿಂದ ಮಾಡಿದ ರಂಧ್ರದಲ್ಲಿ ನೆಡಿ. ನಿಧಾನದ ಕೆಲಸ, ಆದರೆ ಚೆನ್ನಾಗಿ ಕಾಣುತ್ತದೆ.

ನಮ್ಮ ಕರಾವಳಿಯ ಹವೆಯಲ್ಲಿ

ಒಣಗುವುದು ಎಂದರೆ ನೀರು ಆವಿಯಾಗುವುದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕಾದರೆ ಮಳೆಗಾಲದಲ್ಲಿ ಎರಡು ದಿನ ಬೇಕಾಗಬಹುದು. ಫ್ಯಾನ್ ಗಾಳಿ ಸಾಕು, ಬಿಸಿ ಗಾಳಿ ಬೇಡ. ಬೇಗ ಒಣಗಿಸಲು ಹೋದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಗುರುವಾರ ಸಂಜೆ ಅಂಟು ಹಾಕಿ, ಶುಕ್ರವಾರ ಮುಟ್ಟದೆ ಬಿಟ್ಟು, ಶನಿವಾರ ಮುಂದಿನ ಪದರಕ್ಕೆ ಕೈಹಾಕುವಂತೆ ದಿನಗಳನ್ನು ಹಂಚಿಕೊಂಡರೆ ಅನುಕೂಲ.

ಮಣ್ಣು, ಚಹಾ ಚರಟ, ಮರದ ಹುಡಿ, ಗೋಣಿ ನಾರು ಇವೆಲ್ಲದರಲ್ಲಿ ಹುಳದ ಮೊಟ್ಟೆಯೂ ಬೂಷ್ಟಿನ ಬೀಜಕಣವೂ ಇರಬಹುದು. ಮಣ್ಣನ್ನು ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿದು ತಣಿಸಿ ಬಳಸಿ. ಚರಟ ಮತ್ತು ನಾರನ್ನು ಗರಿಗರಿಯಾಗುವವರೆಗೆ ಬಿಸಿಲಿನಲ್ಲಿ ಒಣಗಿಸಿ. ಮಳೆಗಾಲದಲ್ಲಿ ಫೋಮ್ ಪುಡಿಯೇ ಒಳ್ಳೆಯದು, ಅದಕ್ಕೆ ಸುಲಭವಾಗಿ ಬೂಷ್ಟು ಹಿಡಿಯುವುದಿಲ್ಲ.

ಇನ್ನೊಂದು ಮಾತು. ಒಣಗಿದ ಅಂಟಿನ ಪೊರೆ ಹಳಿಯ ಮೇಲೆ ವಿದ್ಯುತ್ತನ್ನು ತಡೆಯುವಂತೆ ಚರ್ಮದ ಮೇಲೆ ನೀರನ್ನೂ ತಡೆಯುತ್ತದೆ. ಕೆಲಸದ ನಡುವೆ ನಮಾಝಿಗೆ ಹೋಗುವವರು ವುಝೂ ಮಾಡುವ ಮೊದಲು ಬೆರಳು, ಉಗುರಿನ ಅಂಚುಗಳಲ್ಲಿ ಹಿಡಿದ ಅಂಟನ್ನು ನೋಡಿ ತೆಗೆಯಿರಿ. ಬೆಚ್ಚಗಿನ ನೀರಿನಲ್ಲಿ ಕೈ ನೆನೆಸಿ ಉಜ್ಜಿದರೆ ಸುಲಿದು ಬರುತ್ತದೆ. ತೆಳು ಕೈಗವಸು ಹಾಕಿಕೊಂಡರೆ ಈ ತೊಂದರೆಯೇ ಇಲ್ಲ.

ಮಾಡಿ ನೋಡಿ

ಒಂದೇ ಅಳತೆಯ ನಾಲ್ಕು ಬಾಟಲಿ ಮುಚ್ಚಳಗಳಲ್ಲಿ 3 ಮಿ.ಮೀ. ದಪ್ಪಕ್ಕೆ ಒಣ ಮರದ ಹುಡಿ ತುಂಬಿ. ಪ್ರತಿಯೊಂದರ ಹುಡಿಯನ್ನೂ ಮೊದಲೇ ತೂಕ ಮಾಡಿ ಬರೆದಿಡಿ.

ಅ) ಮೊದಲನೆಯದಕ್ಕೆ ದಪ್ಪ ಅಂಟು.
ಆ) ಎರಡನೆಯದಕ್ಕೆ ಎರಡರಷ್ಟು ನೀರು ಬೆರೆಸಿದ ಅಂಟು, ಸೋಪಿಲ್ಲದೆ.
ಇ) ಮೂರನೆಯದಕ್ಕೆ ಅದೇ ದ್ರಾವಣ, ಒಂದು ಹನಿ ಸೋಪಿನೊಂದಿಗೆ.
ಈ) ನಾಲ್ಕನೆಯದಕ್ಕೆ ಮೊದಲು ಸೋಪಿನ ನೀರು ಸಿಂಪಡಿಸಿ, ನಂತರ ಮೂರನೆಯದರ ದ್ರಾವಣ.

ನಾಲ್ಕಕ್ಕೂ ಹಾಕುವ ಹನಿಗಳ ಸಂಖ್ಯೆ ಒಂದೇ ಇರಲಿ. ಪೂರ್ತಿ ಒಣಗಿದ ಮೇಲೆ ಕಾಗದದ ಮೇಲೆ ಬೋರಲು ಹಿಡಿದು ಹತ್ತು ಸಲ ತಟ್ಟಿ. ಬಿದ್ದ ಹುಡಿಯನ್ನು ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ, ಶೇಕಡಾವಾರು ನಷ್ಟ ಲೆಕ್ಕ ಹಾಕಿ. ಆಮೇಲೆ ಉಳಿದದ್ದನ್ನು ಬ್ಲೇಡಿನಿಂದ ಎರಡು ಮಾಡಿ, ಅಂಟು ಎಷ್ಟು ಆಳ ಇಳಿದಿದೆ ನೋಡಿ. ಫಲಿತಾಂಶ ಏನಾಗಬಹುದೆಂದು ಪ್ರಯೋಗಕ್ಕೆ ಮೊದಲೇ ಊಹಿಸಿ ಬರೆದಿಡುವುದನ್ನು ಮರೆಯಬೇಡಿ.

ಪ್ರಶ್ನೆಗಳು

1. 1:87 ಪ್ರಮಾಣದಲ್ಲಿ 12 ಮೀಟರ್ ಎತ್ತರದ ಮರದ ಮಾದರಿ ಎಷ್ಟು ಎತ್ತರ ಇರಬೇಕು?

2. ಸಂದಿನ ತ್ರಿಜ್ಯ 0.2 ಮಿ.ಮೀ., ಸಂಪರ್ಕ ಕೋನ 120 ಡಿಗ್ರಿ, ಮೇಲ್ಮೈ ಎಳೆತ 0.073 ನ್ಯೂಟನ್ ಪ್ರತಿ ಮೀಟರ್ ಆದಾಗ ನೀರನ್ನು ಒಳಗೆ ನುಗ್ಗಿಸಲು ಎಷ್ಟು ಎತ್ತರದ ನೀರಿನ ಒತ್ತಡ ಬೇಕು?

3. ಅಂಟಿನಲ್ಲಿ ಅರ್ಧ ಭಾಗ ಘನ ಅಂಶವಿದೆ ಎಂದುಕೊಳ್ಳಿ. ಅದಕ್ಕೆ ಎರಡರಷ್ಟು ನೀರು ಬೆರೆಸಿದರೆ ದ್ರಾವಣದಲ್ಲಿ ಘನ ಅಂಶದ ಪಾಲು ಎಷ್ಟು?

4. ಕೆಸುವಿನ ಎಲೆಯ ಮೇಲೆ ಸೋಪಿನ ನೀರಿನ ಹನಿ ಹಾಕಿದರೆ ಏನಾಗಬಹುದು? ಮಾಡಿ ನೋಡಿ ಕಾರಣ ಬರೆಯಿರಿ.

5. ಅಂಟು ಪೂರ್ತಿ ಒಣಗಿದ ಮೇಲೆ ಸ್ಥಿರವಿದ್ಯುತ್ ಉಪಕರಣದಿಂದ ಹುಲ್ಲು ನೆಡಲು ಏಕೆ ಆಗುವುದಿಲ್ಲ? ಎರಡು ಕಾರಣ ಕೊಡಿ.

ಉತ್ತರಗಳನ್ನು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ತೋರಿಸಬಹುದು. ವಸ್ತುಪ್ರದರ್ಶನದಲ್ಲಿ ತೀರ್ಪುಗಾರರು ಮಾದರಿಯನ್ನು ನೋಡಿ ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋಗುವುದಿಲ್ಲ. ಇದರಲ್ಲಿ ಸೋಪು ಏಕೆ ಹಾಕಿದಿರಿ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ತಂಡದ ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಉತ್ತರ ಹೇಳುವಂತಿರಬೇಕು.